ಮಳೆಯಲ್ಲಿ 200 ಕಿಲೋಮೀಟರ್ ಸೈಕಲ್: ಸಮಯ ಸೋರುವುದೆಲ್ಲಿ?

ಮಂಗಳೂರಿನಿಂದ ಹೊರಟು, ಉಡುಪಿ, ಕುಂದಾಪುರ ದಾಟಿ, ಹೆಮ್ಮಾಡಿ ಮುಟ್ಟಿ ವಾಪಸ್ ಬಂದರೆ ಹೆಚ್ಚುಕಡಿಮೆ 200 ಕಿಲೋಮೀಟರ್. ಡಿಸೆಂಬರಿನಲ್ಲಿ ಇದನ್ನು ನಾನು ಎರಡು ಸಲ ಚಾ, ಒಂದು ಸಲ ಊಟ ಎಲ್ಲ ಸೇರಿಸಿ ಹನ್ನೊಂದು ಗಂಟೆಯಲ್ಲಿ ಮುಗಿಸಿದ್ದೇನೆ. ಅದೇ ರಸ್ತೆ, ಅದೇ ಸೈಕಲ್, ಅದೇ ಕಾಲು. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜೋರು ಮಳೆಯ ಹೊತ್ತಿನಲ್ಲಿ ಹೋದಾಗ ಮಾತ್ರ ಮನೆ ಮುಟ್ಟಲು ಹದಿಮೂರು ಗಂಟೆ ಇಪ್ಪತ್ತು ನಿಮಿಷ ಬೇಕಾಯಿತು. ಎರಡು ಗಂಟೆ ಇಪ್ಪತ್ತು ನಿಮಿಷ ಎಲ್ಲೋ ಸೋರಿ ಹೋಗಿತ್ತು. ಎಲ್ಲಿ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಮಳೆಯಲ್ಲಿ ದೂರ ಸೈಕಲ್ ಹೊಡೆಯುವುದು ಯಾಕೆ ಕಷ್ಟ ಅನ್ನುವುದಕ್ಕೆ ಆ ಲೆಕ್ಕದಲ್ಲೇ ಉತ್ತರ ಉಂಟು, ಮತ್ತೆ ಆ ಉತ್ತರ ನಾನಂದುಕೊಂಡಿದ್ದಲ್ಲ.

ಸಮಯದ ಮಾತು ಯಾಕೆ ಬಂತು ಅಂದರೆ, ದೂರದ ಸೈಕಲ್ ಸವಾರಿಗೆ ಬ್ರೆವೆ ಅಂತ ಒಂದು ಪದ್ಧತಿ ಇದೆ. ಪ್ಯಾರಿಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯಾ ಅದರ ಮೂಲ, ನಮ್ಮ ದೇಶದಲ್ಲೂ ಅದೇ ನಿಯಮ. ಇದು ರೇಸ್ ಅಲ್ಲ, ಮೊದಲು ಬಂದವರಿಗೆ ಬಹುಮಾನ ಇಲ್ಲ. ಆದರೆ ಗಡುವು ಇದೆ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ನಿಂತದ್ದು, ತಿಂದದ್ದು, ಪಂಚರ್ ಹಾಕಿದ್ದು, ಕಣ್ಣು ಮುಚ್ಚಿದ್ದು ಎಲ್ಲ ಇದರೊಳಗೇ. ಮಳೆ ಬಂತು ಅಂತ ಯಾರೂ ಅರ್ಧ ಗಂಟೆ ಹೆಚ್ಚು ಕೊಡುವುದಿಲ್ಲ. ಇದರ ದೊಡ್ಡಣ್ಣ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. 1891ರಲ್ಲಿ ಶುರುವಾದದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ, 1200 ಕಿಲೋಮೀಟರಿಗೆ ಜಾಸ್ತಿ ಅಂದರೆ 90 ಗಂಟೆ. 2007ರಲ್ಲಿ ಅಲ್ಲಿ ಗಾಳಿ ಮಳೆ ಹಿಡಿದು ಬಿಡದೆ ಸಾವಿರಕ್ಕೂ ಹೆಚ್ಚು ಮಂದಿ ಅರ್ಧಕ್ಕೆ ಬಿಟ್ಟರು. ವರ್ಷಗಟ್ಟಲೆ ತಯಾರಿ ಮಾಡಿ ಬಂದವರು ಅವರು.

ನಾವು ಹೋದದ್ದು ಇಬ್ಬರೇ, ನಾನು ಮತ್ತೆ ನನ್ನ ಭಾವ. ಬ್ರೆವೆಯಲ್ಲಿ ದಾರಿಯಲ್ಲಿ ಸೀಲ್ ಹಾಕಿಸಿಕೊಳ್ಳುವ ಕಾರ್ಡೂ ಇಲ್ಲ, ಸುಮ್ನೆ ಅದರ ಗಡುವಿಟ್ಟುಕೊಂಡು. ಗಂಟೆಗೆ 20ರಂತೆ ತುಳಿದರೆ 200ಕ್ಕೆ ಹತ್ತು ಗಂಟೆ, ಉಳಿದ ಮೂರೂವರೆ ಗಂಟೆ ಕೈಯಲ್ಲಿ ಇರುತ್ತದೆ ಅಂತ ನಮ್ಮ ಲೆಕ್ಕಾಚಾರ.

ಮೊದಲು ಮಳೆಹನಿಯ ಲೆಕ್ಕ ಮುಗಿಸಿಬಿಡುತ್ತೇನೆ, ಯಾಕೆಂದರೆ ಅದು ಸೊನ್ನೆ. ಧೋ ಅಂತ ಸುರಿಯುವಾಗ ಆ ನೀರನ್ನೆಲ್ಲ ತಳ್ಳಿಕೊಂಡು ಹೋಗುತ್ತಿದ್ದೇವೆ ಅನ್ನಿಸುತ್ತದೆ, ಅಲ್ವಾ? ಇಲ್ಲ. ಜೋರು ಮಳೆಯಲ್ಲೂ ಒಂದು ಘನ ಮೀಟರ್ ಗಾಳಿಯಲ್ಲಿ ಇರುವ ನೀರು ಒಂದೆರಡು ಗ್ರಾಂ ಅಷ್ಟೇ. ಅದೇ ಒಂದು ಘನ ಮೀಟರ್ ಗಾಳಿಯ ತೂಕವೇ ಒಂದು ಕಿಲೋಗಿಂತ ಜಾಸ್ತಿ. ಅಂದರೆ ನಾವು ತಳ್ಳುವುದು ಯಾವಾಗಲೂ ಗಾಳಿಯನ್ನು. ಹನಿ ಮುಖಕ್ಕೆ ಹೊಡೆದು ಉರಿಯುತ್ತದೆ, ಕನ್ನಡಕದ ಮೇಲೆ ಕೂತು ದಾರಿ ಕಾಣದಂತೆ ಮಾಡುತ್ತದೆ, ಆದರೆ ಕಾಲಿನ ಶಕ್ತಿಯನ್ನು ಅದು ತಿನ್ನುವುದಿಲ್ಲ.

ತಿನ್ನುವುದು ಗಾಳಿ. ಎದುರು ಗಾಳಿ ಕಷ್ಟ ಅಂತ ಎಲ್ಲರಿಗೂ ಗೊತ್ತು, ಎಷ್ಟು ಕಷ್ಟ ಅಂತ ಗೊತ್ತಾದರೆ ಕೋಪ ಕಡಿಮೆಯಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನೀವು ಗಂಟೆಗೆ 20ರಲ್ಲಿ ಹೋಗುತ್ತಿದ್ದೀರಿ, ಎದುರಿನಿಂದ 15ರ ಗಾಳಿ. ನಿಮ್ಮ ಎದೆಗೆ ತಾಗುವುದು 35ರ ಗಾಳಿ. 20ರಿಂದ 35 ಅಂದರೆ ಎರಡು ಪಟ್ಟೂ ಆಗಲಿಲ್ಲ, ಆದರೆ ತಡೆ ಮೂರು ಪಟ್ಟಾಯಿತು. ಟೈರಿನ ಉಜ್ಜಾಟವನ್ನೂ ಸೇರಿಸಿ ಲೆಕ್ಕ ಹಾಕಿದರೆ, ಅದೇ 20ರಲ್ಲಿ ಉಳಿಯಲು ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ ಬೇಕು. ಅಷ್ಟು ಶಕ್ತಿ ಹದಿಮೂರು ಗಂಟೆ ನಮ್ಮಂಥವರ ಕಾಲಲ್ಲಿ ಇರುವುದಿಲ್ಲ, ಹಾಗಾಗಿ ವೇಗ ಇಳಿಸುತ್ತೇವೆ.

"ಹೋಗುವಾಗ ಎದುರು ಗಾಳಿ ಇದ್ದರೆ ಬರುವಾಗ ಬೆನ್ನಿಗೆ ಬರುತ್ತದಲ್ಲ, ಸರಿಹೋಗುತ್ತದೆ" ಅಂತ ಭಾವ ಹೇಳಿದ್ದ. ಸರಿಹೋಗುವುದಿಲ್ಲ. ಹೋಗುವಾಗ 15ರಲ್ಲಿ, ಬರುವಾಗ 25ರಲ್ಲಿ ಹೋದಿರಿ ಅಂತ ಇಟ್ಟುಕೊಳ್ಳಿ. ಸರಾಸರಿ 20 ಅನ್ನಿಸುತ್ತದೆ. ಆದರೆ ಮೊದಲ 100ಕ್ಕೆ ಆರು ಗಂಟೆ ನಲವತ್ತು ನಿಮಿಷ, ಎರಡನೇ 100ಕ್ಕೆ ನಾಲ್ಕು ಗಂಟೆ. ಒಟ್ಟು ಹತ್ತು ಗಂಟೆ ನಲವತ್ತು. ನಲವತ್ತು ನಿಮಿಷ ಹೋಯಿತು. ನಿಧಾನದಲ್ಲಿ ಜಾಸ್ತಿ ಹೊತ್ತು ಇರುತ್ತೇವೆ, ಬೇಗದಲ್ಲಿ ಕಡಿಮೆ ಹೊತ್ತು. ಇಷ್ಟೇ ಗುಟ್ಟು.

ನಮ್ಮ ಕರಾವಳಿಯಲ್ಲಿ ಇದಕ್ಕೊಂದು ತಿರುವು ಇದೆ. ಹೆದ್ದಾರಿ 66 ಕಡಲಿಗೆ ಸಮನಾಗಿ ತೆಂಕು ಬಡಗಾಗಿ ಓಡುತ್ತದೆ. ಮಳೆಗಾಲದ ಗಾಳಿ ಬರುವುದು ಕಡಲಿನಿಂದ. ಹಾಗಾಗಿ ನಮಗೆ ಸಿಗುವುದು ಹೆಚ್ಚಾಗಿ ಅಡ್ಡಗಾಳಿ. ಅಡ್ಡಗಾಳಿ ಎದುರೂ ಅಲ್ಲ, ಹಿಂದೂ ಅಲ್ಲ, ಅದರಿಂದೇನು ನಷ್ಟ ಅಂತ ನಾನೂ ಅಂದುಕೊಂಡಿದ್ದೆ. ನಷ್ಟ ಇದೆ, ಅದೂ ಹೋಗುವಾಗ ಬರುವಾಗ ಎರಡೂ ಕಡೆ. ನೀವು 20ರಲ್ಲಿ ಮುಂದಕ್ಕೆ, ಗಾಳಿ 20ರಲ್ಲಿ ಪಕ್ಕದಿಂದ ಅಂದರೆ ಮೈಗೆ ತಾಗುವುದು ಎರಡೂ ಸೇರಿದ ಓರೆ ಗಾಳಿ, ಸುಮಾರು 28ರದ್ದು. ಅದರಲ್ಲಿ ನಿಮ್ಮನ್ನು ಹಿಂದಕ್ಕೆ ನೂಕುವ ಪಾಲು, ಗಾಳಿ ಇಲ್ಲದ ದಿನಕ್ಕಿಂತ ಶೇಕಡಾ 40ರಷ್ಟು ಜಾಸ್ತಿ. ಎದುರು ಗಾಳಿ ಆದರೂ ವಾಪಸ್ ಬರುವಾಗ ಸ್ವಲ್ಪ ಸಾಲ ತೀರಿಸುತ್ತದೆ, ಅಡ್ಡಗಾಳಿ ಒಂದು ಪೈಸೆಯನ್ನೂ ಹಿಂದಿರುಗಿಸುವುದಿಲ್ಲ ಮಾರಾಯ್ರೆ. ನಮ್ಮ ಲೆಕ್ಕದಲ್ಲಿ ಸರಿಸುಮಾರು ಒಂದು ಗಂಟೆ ಹೋದದ್ದು ಇಲ್ಲಿ.

ಸಮಯಕ್ಕಿಂತ ಹೆಚ್ಚಾಗಿ ಅಡ್ಡಗಾಳಿಯ ಅಪಾಯ ಹೇಳಬೇಕು. ಬಡಗು ದಿಕ್ಕಿಗೆ ಹೋಗುವಾಗ ಕಡಲು ನಮ್ಮ ಎಡಕ್ಕೆ, ನಾವೂ ರಸ್ತೆಯ ಎಡಕ್ಕೆ. ಗಾಳಿ ನಮ್ಮನ್ನು ಬಲಕ್ಕೆ, ಅಂದರೆ ವಾಹನ ಓಡುವ ಕಡೆಗೇ ತಳ್ಳುತ್ತದೆ. ಮನೆ, ಮರ, ಕಟ್ಟಡ ಅಡ್ಡ ಇದ್ದಷ್ಟು ಹೊತ್ತು ಗೊತ್ತಾಗುವುದಿಲ್ಲ. ಸೇತುವೆ ಬಂದಾಗ ಗೊತ್ತಾಗುತ್ತದೆ. ಪಾವಂಜೆ, ಮೂಲ್ಕಿಯ ಶಾಂಭವಿ, ಉದ್ಯಾವರ, ಕಲ್ಯಾಣಪುರದ ಸ್ವರ್ಣಾ, ಮಾಬುಕಳದ ಸೀತಾ, ಎಷ್ಟೊಂದು ಹೊಳೆ ಈ ರಸ್ತೆಯಲ್ಲಿ. ಒಂದೊಂದು ಸೇತುವೆಯ ಬಾಯಲ್ಲೂ ಯಾರೋ ಭುಜಕ್ಕೆ ಕೈ ಹಾಕಿ ನೂಕಿದ ಹಾಗೆ. ಬರುವಾಗಿನದ್ದು ಇನ್ನೂ ಮೋಸದ ಆಟ. ಈಗ ಗಾಳಿ ಬಲದಿಂದ. ಬೀಳಬಾರದು ಅಂತ ನಮಗೇ ಗೊತ್ತಿಲ್ಲದೆ ಸ್ವಲ್ಪ ಬಲಕ್ಕೆ ವಾಲಿಕೊಂಡು ತುಳಿಯುತ್ತಿರುತ್ತೇವೆ. ಅಷ್ಟರಲ್ಲಿ ಬಲಗಡೆಯಿಂದ ಒಂದು ಲಾರಿ ದಾಟುತ್ತದೆ. ಲಾರಿಯ ಮೈ ಗಾಳಿಗೆ ಅಡ್ಡ ಬಂತು, ಗಾಳಿ ಒಮ್ಮೆಗೇ ನಿಂತಿತು, ಆದರೆ ನಾವು ವಾಲಿದ್ದು ಹಾಗೇ ಇದೆ. ಸೈಕಲ್ ಲಾರಿಯ ಕಡೆಗೇ ಹೋಗುತ್ತದೆ. ಲಾರಿ ದಾಟಿದ ಕೂಡಲೇ ಗಾಳಿ ಮತ್ತೆ ಹೊಡೆದು ಎಡಕ್ಕೆ ಎಸೆಯುತ್ತದೆ. ಕಾಪು ಹತ್ತಿರ ನನಗೆ ಇದಾದಾಗ ಚಾಲಕನನ್ನು ಬೈದೆ, ಪಾಪ ಆತ ದೂರದಲ್ಲೇ ಹೋಗಿದ್ದ. ಹಿಂದೆ ಭಾರೀ ವಾಹನದ ಸದ್ದು ಕೇಳಿದರೆ ಹ್ಯಾಂಡಲನ್ನು ಗಟ್ಟಿಯಾಗಿ ಅಮುಕಿ ಹಿಡಿಯುವುದಲ್ಲ, ಮೊಣಕೈ ಸಡಿಲ ಬಿಟ್ಟು, ಸ್ವಲ್ಪ ಎಡಕ್ಕೆ ಸರಿದು, ಆ ಎರಡು ಸೆಕೆಂಡಿಗೆ ತಯಾರಾಗಿರಬೇಕು.

ಜಾರುವುದರ ಬಗ್ಗೆ ಹೆದರಿಕೆ ಎಲ್ಲರಿಗೂ ಇರುತ್ತದೆ, ಆದರೆ ತಪ್ಪು ಜಾಗದಲ್ಲಿ. ಕಾರಿನ ಅಗಲ ಟೈರು ನೀರಿನ ಮೇಲೆ ತೇಲುವ ಹಾಗೆ ಸೈಕಲ್ ಟೈರು ತೇಲುವುದಿಲ್ಲ. ಸಪೂರ ಟೈರು, ಒಳಗೆ ಜೋರು ಒತ್ತಡ, ನೀರನ್ನು ಕತ್ತಿಯ ಹಾಗೆ ಸೀಳಿಕೊಂಡು ಹೋಗುತ್ತದೆ. ಗಂಟೆಗೆ ನೂರು ದಾಟಿದರೆ ಆ ಮಾತು, ನಾವಂತೂ ಅಷ್ಟು ಓಡಿಸುವವರಲ್ಲ. ಜಾರುವುದು ರಸ್ತೆಗೆ ಬಳಿದ ಬಿಳಿ ಬಣ್ಣದ ಮೇಲೆ, ಸೇತುವೆಯ ಕಬ್ಬಿಣದ ಜೋಡಣೆಯ ಮೇಲೆ, ಒಳರಸ್ತೆಯ ಪಾಚಿಯ ಮೇಲೆ. ಮತ್ತೆ ಮೊದಲ ಮಳೆಯ ಮೊದಲ ಅರ್ಧ ಗಂಟೆ, ಬೇಸಗೆಯಿಡೀ ಕೂತ ಎಣ್ಣೆ ಧೂಳು ಎಲ್ಲ ನೀರಿಗೆ ಎದ್ದು ಬರುವ ಹೊತ್ತಿನಲ್ಲಿ. ಜುಲೈಯ ಮಳೆ ರಸ್ತೆಯನ್ನು ತೊಳೆದಿಟ್ಟಿರುತ್ತದೆ, ಜೂನ್ ಮೊದಲ ವಾರದ ಮಳೆಗಿಂತ ಅದೇ ವಾಸಿ.

ಬ್ರೇಕಿನ ಕತೆ ಬೇರೆ. ರಿಮ್ ಬ್ರೇಕ್ ಇರುವ ಸೈಕಲಿನಲ್ಲಿ ಬ್ರೇಕಿನ ರಬ್ಬರ್ ತುಂಡು ಮೊದಲು ರಿಮ್ಮಿನ ಮೇಲಿನ ನೀರನ್ನು ಒರೆಸಬೇಕು, ಆಮೇಲೆ ಹಿಡಿಯಬೇಕು. ಚಕ್ರ ಒಂದೆರಡು ಸುತ್ತು ಸುತ್ತುವವರೆಗೆ ಏನೂ ಆಗುವುದಿಲ್ಲ, ಲಿವರ್ ಒತ್ತಿದರೂ ಸೈಕಲ್ ತನ್ನ ಪಾಡಿಗೆ ಹೋಗುತ್ತಿರುತ್ತದೆ. ಗಂಟೆಗೆ 30ರಲ್ಲಿ ಒಂದು ಸೆಕೆಂಡಿಗೆ ಎಂಟು ಮೀಟರ್ ದಾಟುತ್ತೇವೆ. ಡಿವೈಡರ್ ಸಂದಿಯಿಂದ ಸ್ಕೂಟರ್ ಒಂದು ಧುತ್ತೆಂದು ಅಡ್ಡ ಬಂದರೆ ಎಂಟು ಮೀಟರ್ ಸಣ್ಣದಲ್ಲ. ಅದಕ್ಕೆ ಜಂಕ್ಷನ್ ಬರುವ ಮೊದಲೇ ಬ್ರೇಕನ್ನು ಮೆಲ್ಲ ಒತ್ತಿ ನೀರು ಒರೆಸಿಟ್ಟುಕೊಳ್ಳುವುದು ಒಳ್ಳೆಯದು. ಡಿಸ್ಕ್ ಬ್ರೇಕಿಗೆ ಈ ಗೋಳು ತುಂಬ ಕಡಿಮೆ. ನನ್ನದು ರಿಮ್ ಬ್ರೇಕ್, ಹಳೇ ಸೈಕಲ್, ಬದಲಿಸುವ ಮನಸ್ಸಿಲ್ಲ.

ಪಂಚರಿಗೆ ಬರೋಣ. ಒಣ ದಿನ ಒಂದೂ ಆಗದ ರಸ್ತೆಯಲ್ಲಿ ಅವತ್ತು ಎರಡು ಆಯಿತು. ಮಳೆನೀರು ಗಾಜಿನ ಚೂರು, ಲಾರಿ ಟೈರು ಒಡೆದಾಗ ಉದುರಿದ ಸಣ್ಣ ತಂತಿ ಎಲ್ಲವನ್ನೂ ಅಂಚಿಗೆ ತಂದು ಗುಡ್ಡೆ ಹಾಕುತ್ತದೆ, ನಾವು ಹೋಗುವುದೂ ಅಂಚಿನಲ್ಲೇ. ಜೊತೆಗೆ ಚಂಡಿಯಾದ, ಅಂದರೆ ಒದ್ದೆಯಾದ ರಬ್ಬರನ್ನು ಗಾಜು ಸುಲಭವಾಗಿ ಕೊಯ್ಯುತ್ತದೆ, ನೀರು ಅದಕ್ಕೆ ಎಣ್ಣೆ ಹಚ್ಚಿದ ಹಾಗೆ. ಚಂಡಿ ಟ್ಯೂಬಿಗೆ ಪ್ಯಾಚ್ ಅಂಟುವುದಿಲ್ಲ, ಹಾಗಾಗಿ ಮಳೆಗಾಲದಲ್ಲಿ ಎರಡು ಹೊಸ ಟ್ಯೂಬ್ ಇಟ್ಟುಕೊಂಡೇ ಹೊರಡಬೇಕು. ತೆಕ್ಕಟ್ಟೆ ಹತ್ತಿರ ಬಸ್ ನಿಲ್ದಾಣದ ಮಾಡಿನ ಕೆಳಗೆ ಕೂತು ಟೈರ್ ಬಿಚ್ಚಿದೆ. ಹತ್ತು ನಿಮಿಷದ ಕೆಲಸ. ಇಪ್ಪತ್ತೈದು ನಿಮಿಷ ಹಿಡಿಯಿತು. ಬೆರಳು ನೆನೆದು ಬೆಂಡಾಗಿತ್ತು, ಟೈರ್ ರಿಮ್ಮಿನಿಂದ ಜಾರುತ್ತಿತ್ತು, ಒಳಗೆ ಬೆರಳಾಡಿಸಿ ತಂತಿ ಹುಡುಕಿದರೆ ಸ್ಪರ್ಶವೇ ಗೊತ್ತಾಗದು. ಕೊನೆಗೆ ಸಿಕ್ಕಿತು, ಕೂದಲಿಗಿಂತ ಸ್ವಲ್ಪ ದಪ್ಪದ ತಂತಿ, ಅರ್ಧ ಅಕ್ಕಿಕಾಳಿನಷ್ಟು ಉದ್ದ. ಅದನ್ನು ಹುಡುಕದೆ ಹೊಸ ಟ್ಯೂಬ್ ಹಾಕಿದ್ದರೆ ಕೋಟೇಶ್ವರ ಮುಟ್ಟುವ ಮೊದಲೇ ಅದೂ ಹೋಗುತ್ತಿತ್ತು. ಎರಡನೇ ಪಂಚರ್ ವಾಪಸ್ ಬರುವಾಗ, ಪಡುಬಿದ್ರಿಯಲ್ಲಿ. ಅದಕ್ಕೂ ಇಪ್ಪತ್ತೈದು. ಅಲ್ಲಿಗೆ ಐವತ್ತು ನಿಮಿಷ.

ಇನ್ನು ಉಳಿದದ್ದು ಅರ್ಧ ಗಂಟೆ. ಇದು ಹೋದದ್ದು ಹೇಗೆ ಅನ್ನುವುದೇ ನನಗೆ ಎಲ್ಲಕ್ಕಿಂತ ಹೊಸ ವಿಷಯ.

ನಮ್ಮೂರಲ್ಲಿ ಚಳಿ ಎಲ್ಲಿಂದ ಬರಬೇಕು? ಜುಲೈಯಲ್ಲೂ ರಾತ್ರಿ 23 ಡಿಗ್ರಿಯ ಆಸುಪಾಸು. ಹಾಗಂತ ಉದಾಸೀನ ಮಾಡಿದ್ದೆ. ಸೈಕಲ್ ತುಳಿಯುವಾಗ ದೇಹ ಒಂದು ಒಲೆ. ಪೆಡಲಿಗೆ ನೂರು ವ್ಯಾಟ್ ಶಕ್ತಿ ಹೋಗಬೇಕಾದರೆ ಮುನ್ನೂರರಿಂದ ನಾನೂರು ವ್ಯಾಟ್ ಬರೀ ಶಾಖವಾಗಿ ಹೋಗುತ್ತದೆ. ಹಳೇ ಕಾಲದ ನೂರರ ಬಲ್ಬು ಮೂರ್ನಾಲ್ಕು ಮೈಯೊಳಗೆ ಉರಿದ ಹಾಗೆ. ಅದಕ್ಕೇ ತುಳಿಯುತ್ತಿರುವಷ್ಟು ಹೊತ್ತು ಎಷ್ಟೇ ಚಂಡಿಯಾದರೂ ಚಳಿ ಗೊತ್ತಾಗುವುದಿಲ್ಲ. ನಿಂತ ಕೂಡಲೇ ಒಂದೇ ಬಲ್ಬು ಉಳಿಯುತ್ತದೆ. ಆದರೆ ಶಾಖ ಹೋಗುವುದು ನಿಲ್ಲುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ, ಮೈಗಂಟಿದ ಅಂಗಿಯ ನೀರು ಆವಿಯಾಗುವುದಕ್ಕೂ ನಮ್ಮ ಮೈಯ ಬಿಸಿಯನ್ನೇ ಕೇಳುತ್ತದೆ. ಅದೆಷ್ಟು ಅಂದರೆ, ಒಂದು ಲೋಟ ನೀರನ್ನು ಕುದಿ ಬರುವವರೆಗೆ ಕಾಯಿಸುವುದಕ್ಕಿಂತ ಏಳು ಪಟ್ಟು ಶಾಖ ಅದೇ ನೀರು ಆವಿಯಾಗಲು ಬೇಕು.

ಕುಂದಾಪುರದಲ್ಲಿ ಒಂದು ಹೋಟೆಲಿಗೆ ಹೋದೆವು. ಕೂತ ಕೂಡಲೇ ಮಾಲಕರು ಬಂದು ಫ್ಯಾನ್ ಹಾಕಿದರು. "ಚಂಡಿ ಆಗಿದ್ದೀರಲ್ಲ, ಸ್ವಲ್ಪ ಒಣಗ್ಲಿ" ಅಂದರು. ಒಳ್ಳೆಯ ಮನಸ್ಸು. ಗೋಳಿಬಜೆ ಬರುವ ಹೊತ್ತಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಚಾ ಲೋಟ ಎತ್ತಿದರೆ ತುಳುಕಿ ಮೇಜಿನ ಮೇಲೆ. ಬಿಸಿಯಾಗಲಿ ಅಂತ ಇನ್ನೊಂದು ಚಾ, ಅದು ಮುಗಿದ ಮೇಲೆ ಇನ್ನಷ್ಟು ನಡುಕ, ಹೊರಗೆ ಮಳೆ ನೋಡಿದರೆ ಏಳುವ ಮನಸ್ಸಿಲ್ಲ, ಸ್ವಲ್ಪ ಕಡಿಮೆಯಾಗಲಿ ಅಂತ ಭಾವ, ಕಡಿಮೆಯಾಗುವ ಮಳೆಯಾ ಅದು, ಹೀಗೆ ಹತ್ತು ನಿಮಿಷಕ್ಕೆ ಅಂತ ಕೂತವರು ನಲವತ್ತು ನಿಮಿಷ ಕೂತೆವು. ಆ ಅರ್ಧ ಗಂಟೆ ಇದೇ. ಎದ್ದು ತುಳಿಯಲು ಶುರು ಮಾಡಿ ಎರಡು ಕಿಲೋಮೀಟರಿಗೆ ಮೈ ಬಿಸಿಯಾಯಿತು, ಅಂದರೆ ಔಷಧ ಹೊರಗೇ ಇತ್ತು.

ನಡುಕ ಬರುವುದು ಒಳ್ಳೆಯ ಲಕ್ಷಣ, ದೇಹ ಇನ್ನೂ ಬಿಸಿ ಮಾಡಿಕೊಳ್ಳಲು ಒದ್ದಾಡುತ್ತಿದೆ ಅಂತ ಅರ್ಥ. ಒಳಗಿನ ಶಾಖ 37ರಿಂದ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅಪಾಯ. ಬೆರಳಿಗೆ ಜಿಪ್ ಎಳೆಯಲು ಆಗದು, ಮಾತು ತೊದಲುತ್ತದೆ, ಕೇಳಿದ್ದಕ್ಕೆ ಉತ್ತರ ತಡವಾಗುತ್ತದೆ. ಇನ್ನೂ ಚಂಡಿಯಾಗಿಯೇ ಇದ್ದಾಗ ನಡುಕ ತಾನಾಗಿ ನಿಂತುಹೋದರೆ ಅದು ಸುಧಾರಿಸಿದ್ದಲ್ಲ, ತೀರಾ ಕೆಟ್ಟದ್ದು. ಅಂಥವರನ್ನು ಮುಂದೆ ತುಳಿಸಬಾರದು, ಒಣಬಟ್ಟೆ ಹಾಕಿಸಿ, ಹೊದೆಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಬಯಲಿನಲ್ಲಿ ಇಷ್ಟಕ್ಕೆ ಹೋಗುವುದು ಅಪರೂಪ, ಘಟ್ಟದಲ್ಲಿ ಅಲ್ಲ. ಹೆಬ್ರಿ, ಸೋಮೇಶ್ವರ ದಾಟಿ ಹದಿನಾಲ್ಕು ತಿರುವು ಹತ್ತಿದರೆ ಆಗುಂಬೆ, 600 ಮೀಟರಿಗಿಂತ ಎತ್ತರ. ಸಾವಿರ ಮೀಟರಿಗೆ ಐದಾರು ಡಿಗ್ರಿ ಇಳಿಯುವ ಲೆಕ್ಕದಲ್ಲಿ ಅಲ್ಲಿ ಮೂರು ನಾಲ್ಕು ಡಿಗ್ರಿ ಜಾಸ್ತಿ ಚಳಿ. ಹತ್ತುವಾಗ ಒಲೆ ಪೂರ್ತಿ ಉರಿಯುತ್ತದೆ, ಬೆವರುತ್ತೇವೆ. ಇಳಿಯುವಾಗ ತುಳಿಯುವ ಕೆಲಸವೇ ಇಲ್ಲ, ಒಲೆ ಆರಿದೆ, ಗಾಳಿ ಮಾತ್ರ ಜೋರು, ಬ್ರೇಕ್ ಹಿಡಿಯಬೇಕಾದ ಬೆರಳುಗಳೇ ಮೊದಲು ಮರಗಟ್ಟುತ್ತವೆ. ಮೇಲೆ ಚಾ ಅಂಗಡಿಯಲ್ಲಿ ಉದಯವಾಣಿಯ ನಾಲ್ಕು ಪುಟ ಕೇಳಿ ಪಡೆದು ಅಂಗಿಯೊಳಗೆ ಎದೆಗೆ ಹಾಕಿಕೊಂಡು ಇಳಿಯಿರಿ. ಯುರೋಪಿನ ರೇಸಿನವರು ಹಿಂದಿನಿಂದಲೂ ಮಾಡುತ್ತಿದ್ದ ಉಪಾಯ ಇದು, ಕಾಗದದ ಪದರದಲ್ಲಿ ಗಾಳಿ ನಿಲ್ಲುತ್ತದೆ.

ಹಾಗಾದರೆ ರೈನ್‌ಕೋಟ್? ಎಲ್ಲರೂ ಕೇಳುವ ಪ್ರಶ್ನೆ. ಮೂರ್ನಾಲ್ಕು ಬಲ್ಬು ಉರಿಯುವ ಒಲೆಯ ಮೇಲೆ ಪ್ಲಾಸ್ಟಿಕ್ ಮುಚ್ಚಿದರೆ ಏನಾಗುತ್ತದೆ? ಒಳಗಿನಿಂದ ಬೆವರಿಗೆ ನೆನೆಯುತ್ತೇವೆ. ಉಸಿರಾಡುವ ಬಟ್ಟೆ ಅಂತ ದುಬಾರಿ ಜಾಕೆಟ್ ಬರುತ್ತದೆ, ಅದು ಕೆಲಸ ಮಾಡುವುದು ಹೊರಗಿನ ಗಾಳಿ ಒಣಗಿದ್ದಾಗ. ಆಟಿಯ ನಮ್ಮ ಗಾಳಿಯಲ್ಲಿ ಹಪ್ಪಳವೇ ಡಬ್ಬಿಯೊಳಗೆ ಮೆತ್ತಗಾಗುತ್ತದೆ, ಬೆವರಿನ ಆವಿ ಹೊರಗೆ ಹೋಗುವುದು ಎಲ್ಲಿಗೆ? ನಮ್ಮ ಅಜ್ಜಿಯಂದಿರು ನಾಟಿಗೆ ಇಳಿಯುವಾಗ ಹಾಕುತ್ತಿದ್ದ ಗೊರಬು ನೆನಪಿದೆಯಾ? ಬಗ್ಗಿದ ಬೆನ್ನ ಮೇಲೆ ದೋಣಿ ಮಗುಚಿದ ಹಾಗೆ, ಎದೆಯ ಕಡೆ ಪೂರ್ತಿ ಖಾಲಿ. ಮಳೆ ಬೆನ್ನಿಗೆ ತಾಗದು, ಮೈಯ ಬಿಸಿ ಕೆಳಗಿನಿಂದ ಹೊರಗೆ. ಇಡೀ ದಿನ ಬಗ್ಗಿ ದುಡಿಯುವವರಿಗೆ ಇದಕ್ಕಿಂತ ಒಳ್ಳೆಯ ಕೋಟನ್ನು ನಾನಂತೂ ಕಂಡಿಲ್ಲ, ಸೈಕಲಿನವರೂ ಬಗ್ಗಿಯೇ ದುಡಿಯುವವರು. ಗಾಳಿಗೆ ಹಾರಿಹೋಗದಿದ್ದರೆ ಹಾಕಿಕೊಂಡೇ ಹೋಗುತ್ತಿದ್ದೆ. ಈಗ ನಾನು ಮಾಡುವುದು ಇಷ್ಟು. ಬಯಲಿನಲ್ಲಿ ತೆಳು ಅಂಗಿ, ನೆನೆದರೆ ನೆನೆಯಲಿ. ಕೋಟ್ ಚೀಲದಲ್ಲಿ. ನಿಂತಾಗ, ಘಟ್ಟ ಇಳಿಯುವಾಗ ಹಾಕುವುದು. ಇನ್ನೊಂದು ಒಣ ಬನಿಯನ್ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ಒಯ್ಯುತ್ತೇನೆ. ಹೋಟೆಲಿನಲ್ಲಿ ಮೊದಲ ಕೆಲಸ, ಫ್ಯಾನ್ ಬೇಡ ಅನ್ನುವುದು.

ಹೊಟ್ಟೆಯ ವಿಷಯ ಚಿಕ್ಕದು. ಮಳೆಯಲ್ಲಿ ಬಾಯಾರುವುದಿಲ್ಲ, ಜೇಬಿಗೆ ಕೈ ಹಾಕಲು ಬೇಸರ, ಹಾಗಾಗಿ ತಿನ್ನುವುದು ಕುಡಿಯುವುದು ಎರಡೂ ಮರೆತು ಹೋಗುತ್ತದೆ. ಗಂಟೆಗೆ ಒಂದೆರಡು ಬಾಳೆಹಣ್ಣಿನಷ್ಟಾದರೂ ಒಳಗೆ ಹೋಗಬೇಕು, ಒಲೆಗೆ ಸೌದೆ ಬೇಕಲ್ಲ. ಬನ್ಸ್ ಒಳ್ಳೆಯದು, ಜೇಬಿನಲ್ಲಿ ಅಪ್ಪಚ್ಚಿಯಾದರೂ ರುಚಿ ಕೆಡುವುದಿಲ್ಲ. ಉಪ್ಪಿನಕಾಯಿ ಹಾಕಿದ ಬಿಸಿ ಗಂಜಿ ಸಿಕ್ಕಿದರೆ ಬೇರೇನೂ ಬೇಡ.

ಚೈನಿನ ಎಣ್ಣೆ ನೂರು ಕಿಲೋಮೀಟರಿಗೇ ತೊಳೆದು ಹೋಯಿತು. ಕೋಟ ದಾಟುವಾಗ ಚೀಂಯ್ ಚೀಂಯ್ ಅಂತ ಇಲಿಮರಿ ಸದ್ದು. ಒಂದು ಗೂಡಂಗಡಿಯಲ್ಲಿ ಎಣ್ಣೆ ಇದೆಯಾ ಅಂತ ಕೇಳಿದರೆ ಅಂಗಡಿಯ ಅಮ್ಮ "ತಲೆಗಾ?" ಅಂದರು. ಚೈನಿಗೆ ಅಂದೆ. ನಕ್ಕು ಬಾಟಲಿಯ ಮುಚ್ಚಳದಲ್ಲಿ ತೆಂಗಿನೆಣ್ಣೆ ಕೊಟ್ಟರು. ಅದು ಅಂಟಾಗುತ್ತದೆ, ಮಣ್ಣು ಹಿಡಿಯುತ್ತದೆ, ಆದರೆ ಮಂಗಳೂರು ಮುಟ್ಟಿಸಿತು.

ಹೊರಡುವ ಮೊದಲು ಹವಾಮಾನ ಇಲಾಖೆಯ ಸೂಚನೆ ಓದುವುದು ಹೇಗೆ ಅಂತಲೂ ಹೇಳಿಬಿಡುತ್ತೇನೆ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ದಿನಕ್ಕೆ 64.5 ಮಿಲಿಮೀಟರಿನಿಂದ ಮೇಲೆ ಭಾರೀ ಮಳೆ, 115.6ರಿಂದ ಅತಿ ಭಾರೀ, 204.5 ದಾಟಿದರೆ ಅತ್ಯಂತ ಭಾರೀ. ರೆಡ್ ಅಲರ್ಟ್ ಇದ್ದರೆ ಹೊರಡಬೇಡಿ, ಅಷ್ಟೇ. ಅವತ್ತು ಮರ ಬೀಳುತ್ತದೆ, ಕರೆಂಟ್ ಕಂಬ ಬೀಳುತ್ತದೆ, ಸರ್ವಿಸ್ ರಸ್ತೆಯ ಗುಂಡಿ ನೀರಿನಡಿ ಕಾಣುವುದಿಲ್ಲ. ಸಿಡಿಲಿನ ಹೆದರಿಕೆ ಮಾತ್ರ ನಡು ಮಳೆಗಾಲಕ್ಕಿಂತ ಏಪ್ರಿಲ್, ಮೇ, ಅಕ್ಟೋಬರಿನ ಸಂಜೆಗಳಲ್ಲಿ ಜಾಸ್ತಿ. ಮಿಂಚು ಕಂಡ ಮೇಲೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವ ಮೊದಲೇ ಗುಡುಗು ಕೇಳಿದರೆ ಇಳಿದು ಕಟ್ಟಡದೊಳಗೆ ಹೋಗಿ, ಮರದಡಿ ಅಲ್ಲ.

ಮನೆ ಮುಟ್ಟಿದಾಗ ಗಡುವಿಗೆ ಹತ್ತು ನಿಮಿಷ ಉಳಿದಿತ್ತು. ಶೂ ಒಳಗೆ ಪೇಪರ್ ಉಂಡೆ ತುರುಕಿ ಇಟ್ಟೆ, ಎರಡು ದಿನ ಬಿಟ್ಟು ನೋಡಿದರೆ ಅದರ ಮೇಲೆ ಬಿಳಿ ಬೂಷ್ಟು. ಸೈಕಲನ್ನು ಮರುದಿನ ತೊಳೆದರಾಯಿತು ಅಂತ ಬಿಟ್ಟಿದ್ದೆ, ಬೆಳಗ್ಗೆ ಚೈನ್ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಕಡಲಗಾಳಿ ರಾತ್ರಿ ಸುಮ್ಮನೆ ಕೂರುವುದಿಲ್ಲ. ಎತ್ತಿದಾಗ ಒಳಗೆ ಏನೋ ಗುಳುಗುಳು ಅಂದಿತು. ಸೀಟಿನ ಕೊಳವೆ ಕಳಚಿ ಸೈಕಲ್ ಮಗುಚಿ ಹಿಡಿದೆ. ಫ್ರೇಮಿನೊಳಗಿಂದ ಅಂಗಳಕ್ಕೆ ಒಂದು ಲೋಟದಷ್ಟು ಕೆಂಪು ನೀರು ಸುರಿಯಿತು.